ಮೂಕದಿನದಲ್ಲಿ ಕೇಳಿದವಳು

ಕಪ್ಪತಗುಡ್ಡ, ಮೇಲಿನ ಓಣಿ
ಗಾಳಿವರ್ಷ ತೊಂಬತ್ತಾರು, ಮೂರನೇ ವೈಶಾಖದ ನಲವತ್ತೊಂದನೇ ದಿನ, ಮುಂಜಾನೆ

ಹುಬ್ಬಳ್ಳಿಯ ಪ್ರೇಮಲತಾ ಹೂಗಾರ ಅಜ್ಜಿಯವರಿಗೆ ಇಂದ್ರವ್ವ ಮಾಡುವ ನಮಸ್ಕಾರಗಳು.

ತಾರೀಖು ನೋಡಿ ಗಾಬರಿಯಾಗಬೇಡಿ. ನಮ್ಮಲ್ಲಿ ಮಳೆ ಬೀಳದೆ ತಿಂಗಳು ಬದಲಾಗುವುದಿಲ್ಲ. ಬೇಸಿಗೆ ಮುಗಿಯದೆ ಇದ್ದರೂ ಜ್ಯೇಷ್ಠ ಬಂತು ಎಂದು ಸಾರಿಕೊಂಡು ತಿರುಗಲು ನಮ್ಮಿಂದಾಗದು ಎಂದು ನನ್ನ ಅಜ್ಜಿಯ ಕಾಲದಲ್ಲೇ ಪಂಚಾಂಗದವರು ಹಟ ಹಿಡಿದು ಕೂತರು. ಹೀಗಾಗಿ ಈ ವರ್ಷ ವೈಶಾಖ ಮೂರು ಸಲ ಬಂದಿದೆ, ಮೂರನೆಯದು ಮುಗಿಯುವ ಲಕ್ಷಣವೇ ಇಲ್ಲ. ನಿಮ್ಮ ಲೆಕ್ಕಕ್ಕೆ ಇದು ಎರಡು ಸಾವಿರದ ನೂರ ತೊಂಬತ್ತೋ ಅದರ ಆಸುಪಾಸೋ ಇರಬೇಕು. ನನ್ನ ಕೆಲವು ಮಾತುಗಳು ನಿಮಗೆ ವಿಚಿತ್ರವೆನಿಸಿದರೆ ಕ್ಷಮಿಸಿ. ನಿಮ್ಮವೂ ನನಗೆ ಹಾಗೆಯೇ ಇದ್ದವು. ಕುಕ್ಕರಿನ ಗ್ಯಾಸ್ಕೆಟ್ ಎಂದರೇನು ಎಂದು ತಿಳಿಯಲು ನನಗೆ ಎರಡು ದಿನ ಹಿಡಿಯಿತು. ಇನ್ನು ನಿಮ್ಮನ್ನು ಅಜ್ಜಿ ಎಂದು ಕರೆಯುವ ವಿಷಯ. ನೀವು ನನ್ನ ಮುತ್ತಜ್ಜಿಯ ಮುತ್ತಜ್ಜಿ, ಅದು ಸರಿ. ಆದರೆ ನನ್ನ ಕೈಗೆ ಸಿಕ್ಕಿರುವ ನಿಮಗೆ ಇಪ್ಪತ್ತೆಂಟು ವರ್ಷ, ನನಗೆ ಮೂವತ್ನಾಲ್ಕು. ನಿಮಗಿಂತ ದೊಡ್ಡವಳಾಗಿ ನಿಮ್ಮ ಕಾಲಿಗೆ ಬೀಳುತ್ತಿದ್ದೇನೆ ಎಂದುಕೊಳ್ಳಿ.

ನೀವು ನನ್ನ ಕೈಗೆ ಸಿಕ್ಕಿದ್ದು ಹೀಗೆ. ನಮ್ಮ ಗುಡ್ಡದ ಕೆಳಗೆ ಮಾತಿನ ಕಣಜ ಎಂಬ ಮನೆಯಿದೆ. ಹಿಂದಿನವರು ಫೋನಿನಲ್ಲಿ ಬರೆದುಕೊಂಡ ಮಾತುಗಳಲ್ಲಿ ಅಳಿಯದೆ ಉಳಿದವನ್ನು ಅಲ್ಲಿ ಕೂಡಿಟ್ಟಿದ್ದಾರೆ. ಬಸುರಿ ಹೆಂಗಸು ಹೋಗಿ ತನ್ನ ವಂಶದ ಹೆಸರು ಹೇಳಿದರೆ ಒಂದು ಕಟ್ಟು ತೆಗೆದು ಕೊಡುತ್ತಾರೆ. ನಮ್ಮ ಕಟ್ಟಿನಲ್ಲಿ ಮುಕ್ಕಾಲು ಪಾಲು ಶುಭೋದಯವೇ ಇತ್ತು. ನಡುವೆ ಒಂದು ಕಡೆ ತಾಯಂದಿರ ಗುಂಪಿನಲ್ಲಿ ನೀವು ಬರೆದದ್ದು ಸಿಕ್ಕಿತು: "ಅಕ್ಕಾರ, ಸೋಮವಾರದಿಂದ ಡ್ಯೂಟಿಗೆ ಹೋಗಬೇಕು. ಏಳು ತಿಂಗಳ ಕೂಸು ಐತಿ. ನೋಡ್ಕೊಳ್ಳಾಕ ಬರೋರನ್ನ ಆರಿಸೋಮುಂದ ಏನೇನು ನೋಡಬೇಕ್ರಿ? ಗೊತ್ತಿದ್ದೋರು ಹೇಳ್ರಿ." ಅದರ ಕೆಳಗೆ ಹನ್ನೊಂದು ಉತ್ತರಗಳಿವೆ. ನಾಲ್ಕು ಗುಲಾಬಿ ಹೂವು, ಒಂದು ದೇವರ ಚಿತ್ರ, ಮೂರು ಕೈಮುಗಿದ ಗುರುತು, ಎರಡು "ನನಗೂ ಬೇಕು", ಕೊನೆಯದು ಅರ್ಧ ಬೆಲೆಗೆ ಗ್ಯಾಸ್ಕೆಟ್. ನಿಮ್ಮ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ. ಅದನ್ನು ಓದಿದ ದಿನ ನನಗೆ ನಗು ಬಂತು. ಈಗ ಬರುತ್ತಿಲ್ಲ, ಏಕೆಂದರೆ ನಾಳೆ ಬೆಳಗಾದರೆ ನಾನೂ ಡ್ಯೂಟಿಗೆ ಹೋಗಬೇಕು, ನನಗೆ ಹತ್ತು ತಿಂಗಳ ಕೂಸಿದೆ.

ಕೂಸಿನ ಹೆಸರು ಸುವ್ವಿ. ಮಲಗಿದ್ದಾಳೆ. ಒಂದು ಗಳಿಗೆ, ನೋಡಿ ಬಂದೆ. ಮಲಗಿದ್ದಾಳೆ.

ನಿಮಗೆ ಸಮಾಧಾನದ ಒಂದು ಮಾತು ಮೊದಲೇ ಹೇಳಿಬಿಡಬಹುದು. ನಿಮ್ಮ ಕೂಸು ಬದುಕಿತು, ಬೆಳೆಯಿತು, ಮದುವೆಯಾಯಿತು, ಅದಕ್ಕೆ ನಾನೇ ಸಾಕ್ಷಿ. ಆದರೆ ಅದು ಯಾರ ಮಡಿಲಲ್ಲಿ ಬೆಳೆಯಿತು ಎಂಬುದು ಕಣಜದಲ್ಲಿ ಇಲ್ಲ. ನೀವು ಏನು ನೋಡಿ ಆರಿಸಿದಿರಿ ಎಂಬುದೂ ಇಲ್ಲ. ಇದ್ದಿದ್ದರೆ ನಾನು ಹೀಗೆ ಏಳುವುದು ಕೂರುವುದು ಮಾಡುತ್ತಿರಲಿಲ್ಲ. ಈ ಕಾಗದವನ್ನು ಕಣಜದ ಹಿಂಬಾಗಿಲಲ್ಲಿರುವ ಒಂದು ಡಬ್ಬಿಗೆ ಹಾಕಬೇಕಂತೆ. ಹಾಕಿದ್ದು ಹಿಂದಕ್ಕೆ ಹೋಗುತ್ತದೆ ಎನ್ನುತ್ತಾರೆ, ಹೋಯಿತೆಂದು ಹೇಳಿದವರು ಇಲ್ಲಿಯವರೆಗೆ ಯಾರೂ ಸಿಕ್ಕಿಲ್ಲ.

ನಮ್ಮ ಕೆಲಸದ ಬಗ್ಗೆ ಹೇಳದಿದ್ದರೆ ನನ್ನ ಅವಸರ ನಿಮಗೆ ಅರ್ಥವಾಗದು. ಗುಡ್ಡದ ನೆತ್ತಿಯ ಮೇಲೆ ಗಾಳಿಕಂಬಗಳಿವೆ. ನಿಮ್ಮ ಕಾಲದಲ್ಲೂ ಇದ್ದವಂತೆ, ಈಗ ಅವು ಮೂರು ಪಟ್ಟು ಎತ್ತರ. ಊರಿನ ನೀರು, ಬೆಳಕು, ತಂಪು ಎಲ್ಲವೂ ಅವುಗಳ ರೆಕ್ಕೆ ತಿರುಗುವುದರಿಂದಲೇ. ರೆಕ್ಕೆಗೆ ಕೆಂಧೂಳು ಮೆತ್ತಿ ಹೆಪ್ಪುಗಟ್ಟುತ್ತದೆ, ಅದನ್ನು ಕೆರೆದು ತೆಗೆಯಲು ಮನುಷ್ಯರೇ ಹಗ್ಗ ಕಟ್ಟಿಕೊಂಡು ಇಳಿಯಬೇಕು. ಒಂದು ಹಗ್ಗಕ್ಕೆ ಇಬ್ಬರು, ಒಬ್ಬರ ಭಾರ ಇನ್ನೊಬ್ಬರ ಕೈಯಲ್ಲಿ. ಪಾಳಿ ಒಂಬತ್ತು ದಿನ, ನಡುವೆ ಕೆಳಗಿಳಿಯುವಂತಿಲ್ಲ. ಜೀವದ ಮಾತಾದ್ದರಿಂದ ಗಂಡ ಹೆಂಡಿರನ್ನೇ ಒಂದು ಹಗ್ಗಕ್ಕೆ ಹಾಕುವುದು ಇಲ್ಲಿನ ಪದ್ಧತಿ. ನನ್ನ ಹಗ್ಗದ ಇನ್ನೊಂದು ತುದಿಯಲ್ಲಿ ನನ್ನ ಗಂಡ ಮೈಲಾರಿ ಇರುತ್ತಾನೆ. ನಾನು ಹೋದರೆ ಅವನೂ ಹೋದ ಹಾಗೆ. ಹೋದ ವರ್ಷ ನಮ್ಮದೇ ಓಣಿಯ ಒಂದು ಜೋಡಿ ಹೋಗಿದ್ದು ಹಿಂದಿರುಗಲಿಲ್ಲ. ಮನೆಯಲ್ಲಿ ಅತ್ತೆ ನಿಂಗವ್ವ ಇದ್ದಾರೆ. ಅವರಿಗೆ ಕಣ್ಣು ಕಾಣುವುದಿಲ್ಲ, ಕಿವಿ ಮಾತ್ರ ಪಕ್ಕದ ಮನೆಯ ಪಿಸುಮಾತನ್ನೂ ಬಿಡುವುದಿಲ್ಲ. ನನ್ನ ಅವ್ವ ಇಲ್ಲ. ಆದ್ದರಿಂದ ಮಡಿಲವ್ವ ಬೇಕು. ಕೂಸನ್ನು ನೋಡಿಕೊಳ್ಳಲು ಮನೆಗೆ ಬರುವವಳನ್ನು ನಾವು ಹಾಗೆ ಕರೆಯುತ್ತೇವೆ.

ಯಂತ್ರಗಳಿಲ್ಲವೇ ಎಂದು ನೀವು ಕೇಳಬಹುದು. ಇದ್ದವು. ನನ್ನ ಅವ್ವನ ಕಾಲದಲ್ಲಿ ಮನೆಮನೆಗೆ ತೂಗುಯಂತ್ರ ಇತ್ತು. ಹಾಲು ಕುಡಿಸುತ್ತಿತ್ತು, ಒರೆಸುತ್ತಿತ್ತು, ಸಂಜೆಗೆ ಎಷ್ಟು ಸಲ ಅತ್ತಿತು ಎಂದು ಬರೆದು ಕೊಡುತ್ತಿತ್ತು. ಆ ಕೂಸುಗಳು ಅಳುವುದನ್ನೇ ಬಿಟ್ಟವು. ತಾಯಂದಿರು ಮೊದಮೊದಲು ಖುಷಿಪಟ್ಟರು, ಆಮೇಲೆ ಹೆದರಿ ಯಂತ್ರಗಳನ್ನೆಲ್ಲ ಗುಡ್ಡದ ಆಚೆ ಬದಿಗೆ ಉರುಳಿಸಿದರು. ಆದರೆ ಅಷ್ಟರಲ್ಲಿ ಒಬ್ಬ ಹೆಂಗಸನ್ನು ನೋಡಿ ಇವಳ ಕೈಯಲ್ಲಿ ಕೂಸು ಕೊಡಬಹುದೇ ಎಂದು ಅಳೆಯುವುದು ನಮ್ಮವರಿಗೆ ಮರೆತುಹೋಗಿತ್ತು. ಅದಕ್ಕೇ ಹಿರಿಯರು ಮೂಕದಿನ ಎಂಬ ಕಟ್ಟಳೆ ಮಾಡಿದರು.

ಮೂಕದಿನವೆಂದರೆ ಇಷ್ಟು. ಕೆಲಸಕ್ಕೆ ಬರಬಯಸುವವಳು ಹೊತ್ತು ಮೂಡುವಾಗ ಬರುತ್ತಾಳೆ. ತಂದೆ ತಾಯಿ ಮುಂಗೈಗೆ ಬೂದುಬಣ್ಣದ ನೂಲು ಕಟ್ಟಿಕೊಂಡು ಮೂಲೆಯಲ್ಲಿ ಕೂರಬೇಕು. ಹೊತ್ತು ಮುಳುಗುವವರೆಗೆ ಮಾತಾಡುವಂತಿಲ್ಲ, ಏಳುವಂತಿಲ್ಲ. ಅವಳು ನಾವು ಇಲ್ಲವೇ ಇಲ್ಲ ಎಂಬಂತೆ ಕೂಸನ್ನು ನೋಡಿಕೊಳ್ಳಬೇಕು. ಸಂಜೆ ನೂಲು ಬಿಚ್ಚಿದ ಮೇಲೆ ನಾವು ಆಗಷ್ಟೇ ಕೆಲಸದಿಂದ ಬಂದವರಂತೆ ಕೂರುತ್ತೇವೆ, ಅವಳು ಇಡೀ ದಿನವನ್ನು ಒಪ್ಪಿಸುತ್ತಾಳೆ. ಅಕ್ಕಪಕ್ಕದ ಮೂರು ಬಾಗಿಲಿನವರು ಬಂದು ಕೇಳಿ ಒಪ್ಪಿಗೆ ಕೊಡಬೇಕು. ಅವರ ಒಪ್ಪಿಗೆ ಬರೀ ಶಾಸ್ತ್ರವಲ್ಲ, ನಾವಿಲ್ಲದಾಗ ಏನಾದರೂ ಆದರೆ ಓಡಿ ಬರುವವರು ಅವರೇ. ಇನ್ನೊಂದು ನಿಯಮವಿದೆ. ಹಗಲಿನಲ್ಲಿ ಮಡಿಲವ್ವ ನಮ್ಮನ್ನು ಏನಾದರೂ ಕೇಳಿದರೆ ಅಲ್ಲಿಗೇ ಸೋತಂತೆ. ನಾಳೆ ನಾವು ಮನೆಯಲ್ಲಿ ಇರುವುದಿಲ್ಲವಲ್ಲ, ಆಗ ಯಾರನ್ನು ಕೇಳುತ್ತಾಳೆ? ಕೇಳಿದವಳು ಕೆಟ್ಟಳು ಎಂಬುದು ನಮ್ಮಲ್ಲಿ ಗಾದೆಯೇ ಆಗಿದೆ. ನನ್ನ ಅತ್ತೆ ಅದನ್ನು ದಿನಕ್ಕೆರಡು ಸಲ ಹೇಳುತ್ತಾರೆ.

ಓದಿದರೆ ಎಷ್ಟು ಚೆನ್ನಾಗಿದೆ. ನಾನೂ ಹಾಗೆಯೇ ಅಂದುಕೊಂಡಿದ್ದೆ.

ಮೊದಲು ಬಂದವಳು ಲಲಿತವ್ವ. ಹದಿನಾಲ್ಕು ಕೂಸು ಸಾಕಿದವಳು, ಗುಡ್ಡದಲ್ಲೆಲ್ಲ ಹೆಸರು. ಬಂದವಳೇ ಮೊಣಕೈವರೆಗೆ ಕೈ ತೊಳೆದಳು, ಉಗುರು ತೋರಿಸಿದಳು. ಸುವ್ವಿಯನ್ನು ಒಮ್ಮೆಲೇ ಎತ್ತಿಕೊಳ್ಳದೆ ದೂರ ಕೂತು, ಅವಳೇ ತೆವಳಿಕೊಂಡು ಬರುವವರೆಗೆ ಕಾದಳು. ಇದನ್ನು ನೀವು ನೋಡಲೇಬೇಕು ಅಜ್ಜಿ, ಬಾಗಿಲಲ್ಲೇ ಕೂಸನ್ನು ಕಸಿದುಕೊಂಡು ಮುದ್ದಾಡುವವರು ನಮ್ಮ ಎದುರಿಗೆ ಮುದ್ದಾಡುತ್ತಿರುತ್ತಾರೆ. ನುಚ್ಚನ್ನು ತಾನು ಮೊದಲು ತುಟಿಗೆ ಮುಟ್ಟಿಸಿ ಬಿಸಿ ನೋಡಿ ತಿನ್ನಿಸಿದಳು. ಅವಳಿಗೆ ಬಾರದ ಜೋಗುಳವಿಲ್ಲ. ನನ್ನ ಎದೆ ಹಗುರಾಯಿತು. ಮಧ್ಯಾಹ್ನ ಅವಳು ಬೆನ್ನು ತಿರುಗಿಸಿ ಹಾಸಿಗೆ ಸರಿಮಾಡುತ್ತಿದ್ದಳು. ಅಷ್ಟರಲ್ಲಿ ಸುವ್ವಿ ಬಿಸಿಲೊಲೆಯ ಕಡೆಗೆ ತೆವಳಿದಳು. ಬಿಸಿಲೊಲೆಯೆಂದರೆ ನೆಲಮಟ್ಟದ ಕಿಟಕಿಯಲ್ಲಿ ಕನ್ನಡಿ ಕೂರಿಸಿದ ಪೆಟ್ಟಿಗೆ, ಬಿಸಿಲಿನಿಂದಲೇ ಬೇಯುತ್ತದೆ, ಮುಚ್ಚಳ ಕೆಂಡದಂತೆ ಕಾದಿರುತ್ತದೆ. ಮೂರು ಮೊಳ, ಎರಡು ಮೊಳ, ಒಂದು ಮೊಳ. ನಾನು ನೋಡುತ್ತಿದ್ದೆ. ಪಕ್ಕದಲ್ಲಿ ಮೈಲಾರಿ ಏಳಹೊರಟ. ಅವನ ಮೊಣಕಾಲನ್ನು ಒತ್ತಿ ಹಿಡಿದವಳು ನಾನೇ. ನೂಲು ಕಟ್ಟಿದೆ, ಅವಳು ಈಗ ತಿರುಗುತ್ತಾಳೆ, ಈಗ ತಿರುಗುತ್ತಾಳೆ ಎಂದು ಕಾದೆ. ಸುವ್ವಿಯ ಎರಡು ಬೆರಳು ಸುಟ್ಟವು.

ಆ ಕೂಗು ಈಗಲೂ ನನ್ನ ಕಿವಿಯಲ್ಲಿದೆ. ಲಲಿತವ್ವ ಓಡಿಬಂದು ಕೈಯನ್ನು ನೀರಿಗೆ ಹಿಡಿದಳು, ಜೇನು ಹಚ್ಚಿದಳು, ಸ್ವಲ್ಪ ಹೊತ್ತಿನಲ್ಲಿ ಮಲಗಿಸಿದಳು. ಸಂಜೆ ಮೂರು ಬಾಗಿಲಿನವರು ಬಂದು ಕೂತರು. ಲಲಿತವ್ವ ದಿನ ಒಪ್ಪಿಸಿದಳು: "ಕೂಸು ಭಾಳ ಶಾಣ್ಯಾ ಐತ್ರಿ. ಹೊಟ್ಟಿ ತುಂಬ ಉಂಡ್ತು, ಎರಡು ನಿದ್ದಿ ಮಾಡ್ತು, ದಿನಾ ಪೂರ್ತಿ ನಕ್ಕೋತ ಆಡ್ತು." ಸುವ್ವಿಯ ಬೆರಳ ಮೇಲಿನ ಜೇನು ಎಲ್ಲರಿಗೂ ಕಾಣುತ್ತಿತ್ತು. ಯಾರೂ ಕೇಳಲಿಲ್ಲ. ಕೆಟ್ಟದ್ದನ್ನು ಒಪ್ಪಿಸುವ ರೂಢಿ ಯಾವಾಗಲೋ ತಪ್ಪಿಹೋಗಿ, ಒಳ್ಳೆಯದನ್ನೇ ಹೇಳುವುದು ಮರ್ಯಾದೆ ಎಂದಾಗಿಬಿಟ್ಟಿದೆ. ಮೂರೂ ಬಾಗಿಲು ಒಪ್ಪಿದವು. ನಾನೂ ತಲೆಯಾಡಿಸಿದೆ. ಹೋಗುವಾಗ ಪಕ್ಕದ ಮನೆಯ ಕಾಶವ್ವ ನನ್ನ ಬೆನ್ನು ತಟ್ಟಿ, "ಕೂಸಿನ ಕೈ ಸುಟ್ಟರೂ ತುಟಿ ಬಿಚ್ಚಲಿಲ್ಲ ನೋಡು, ಏನ ಗಟ್ಟಿ ಹೆಂಗಸು" ಎಂದಳು. ಅದನ್ನು ಕೇಳಿ ನನಗೆ ಹೆಮ್ಮೆಯಾಯಿತು. ನಿಮ್ಮೆದುರು ಸುಳ್ಳು ಹೇಳಿ ಏನು ಮಾಡಲಿ, ಹೆಮ್ಮೆಯೇ ಆಯಿತು.

ಕ್ಷಮಿಸಿ, ಮತ್ತೆ ಎದ್ದು ಹೋಗಿದ್ದೆ. ಗುಳ್ಳೆ ಒಣಗಿದೆ, ಹೊಸ ಚರ್ಮ ಬರುತ್ತಿದೆ. ಮೈಲಾರಿ ಅಂಗಳದಲ್ಲಿ ಹಗ್ಗ ಹರಡಿಕೊಂಡು ಗಂಟುಗಂಟು ಪರೀಕ್ಷಿಸುತ್ತಿದ್ದಾನೆ. ಆ ದಿನದ ಬಗ್ಗೆ ಅವನು ನನಗೆ ಇಲ್ಲಿಯವರೆಗೆ ಒಂದು ಮಾತೂ ಅಂದಿಲ್ಲ, ಅಂದಿದ್ದರೆ ಚೆನ್ನಾಗಿತ್ತು.

ಕಟ್ಟಳೆಯ ಪ್ರಕಾರ ಕನಿಷ್ಠ ಇಬ್ಬರನ್ನು ನೋಡಬೇಕು. ಎರಡನೆಯವಳು ಫಕೀರವ್ವ. ನಲವತ್ತರ ಆಸುಪಾಸು, ಹಗ್ಗದ ಕಾರ್ಖಾನೆಯಲ್ಲಿದ್ದವಳು, ಬಲಗೈಯಲ್ಲಿ ಎರಡು ಬೆರಳಿಲ್ಲ. ಎರಡೇ ಮನೆಯಲ್ಲಿ ಕೂಸು ನೋಡಿಕೊಂಡ ಅನುಭವ. ಹಾಡಲು ಹೊರಟರೆ ಸುವ್ವಿ ಕಣ್ಣರಳಿಸಿ ಅವಳ ಬಾಯನ್ನೇ ನೋಡುತ್ತಿದ್ದಳು, ಅಷ್ಟು ಕರ್ಕಶ. ಅತ್ತೆ ಗೋಡೆಯ ಕಡೆ ತಿರುಗಿ ಕೂತರು. ಬಂದವಳು ಮೊದಲು ಮನೆಯೆಲ್ಲ ಮೊಣಕಾಲೂರಿ ತೆವಳಿದಳು. ನಮಗೆ ನಗು ತಡೆಯುವುದು ಕಷ್ಟವಾಯಿತು. ಆಮೇಲೆ ತಿಳಿಯಿತು, ಕೂಸಿನ ಎತ್ತರದಿಂದ ಏನೇನು ಕೈಗೆ ಸಿಗುತ್ತದೆ ಎಂದು ನೋಡುತ್ತಿದ್ದಳು. ಬಿಸಿಲೊಲೆಗೆ ಅಡ್ಡವಾಗಿ ಬೀಸುವ ಕಲ್ಲನ್ನು ತಳ್ಳಿ ಇಟ್ಟಳು.

ಹೊತ್ತೇರುವಾಗ ಸುವ್ವಿ ಅಳಲು ಹಿಡಿದಳು. ಸಾಮಾನ್ಯ ಅಳುವಲ್ಲ. ಫಕೀರವ್ವ ಎತ್ತಿಕೊಂಡಳು, ತಿರುಗಾಡಿಸಿದಳು, ಹಾಲು ತೋರಿಸಿದಳು, ಬಟ್ಟೆ ಬಿಚ್ಚಿ ಇರುವೆಯೇನಾದರೂ ಕಚ್ಚಿದೆಯೇ ಎಂದು ನೋಡಿದಳು. ಒಮ್ಮೆ ಕೂಸನ್ನು ಹಾಸಿಗೆಯ ನಡುವೆ ಇಟ್ಟು ಹೊರಗೆ ಹೋಗಿ ನಿಂತಳು, ಮತ್ತೆ ಬಂದಳು. ಕೊನೆಗೆ ಸುವ್ವಿಯನ್ನು ಹೆಗಲಿಗೆ ಹಾಕಿಕೊಂಡು ನನ್ನ ಎದುರು ಬಂದು ಕೂತುಬಿಟ್ಟಳು. "ತಂಗಿ, ಇದು ಹಸಿವಿನ ಅಳು ಅಲ್ಲ, ನಿದ್ದಿ ಅಳೂನೂ ಅಲ್ಲ. ನನಗ ತಿಳೀವಲ್ದು. ನಿನಗ ಗೊತ್ತಿದ್ರ ಹೇಳು." ನನಗೆ ಗೊತ್ತಿತ್ತು. ಎಡಗಿವಿ ಎಳೆದುಕೊಂಡು ಅತ್ತರೆ ಬೆಚ್ಚಗಿನ ಬಟ್ಟೆ ಒತ್ತಿ ಹಿಡಿದರೆ ಸುಮ್ಮನಾಗುತ್ತಾಳೆ. ನನ್ನ ಬಾಯಿ ತೆರೆದದ್ದೂ ನಿಜ. ಅತ್ತೆ ಮೂಲೆಯಿಂದ, "ಕೇಳಿದಳು" ಎಂದರು. ನಾನು ಬಾಯಿ ಮುಚ್ಚಿದೆ. ಫಕೀರವ್ವ ಕೂಸನ್ನು ಹೆಗಲ ಮೇಲೆ ಸರಿಮಾಡಿಕೊಂಡು ಎದ್ದಳು.

ಸೋತವಳು ಅಲ್ಲಿಂದಲೇ ಮನೆಗೆ ಹೋಗಬಹುದು. ಅವಳು ಹೋಗಲಿಲ್ಲ. ಸಂಜೆಯವರೆಗೆ ಅಳುವ ಕೂಸನ್ನು ಹೊತ್ತು ತಿರುಗಿದಳು. ಮೂರು ಬಾಗಿಲಿನವರ ಎದುರು ಹೀಗೆ ಒಪ್ಪಿಸಿದಳು: "ಎರಡು ತಾಸು ಅಳ್ತು. ಯಾಕಂತ ನನಗ ತಿಳೀಲಿಲ್ಲ. ನುಚ್ಚು ಅರ್ಧಾ ಕಾರಿಕೊಂಡ್ತು. ಒಂದ ಸಲ ನನಗ ಭಾಳ ಸಿಟ್ಟು ಬಂತು, ಕೂಸನ್ನ ಹಾಸಿಗಿ ಮ್ಯಾಲ ಇಟ್ಟು ಹೊರಗ ಹೋಗಿ ಉಸಿರು ಬಿಟ್ಟು ಬಂದೆ. ಎಡಗಿವಿ ಮುಟ್ಟಿದ್ರ ಹೆಚ್ಚು ಅಳ್ತೈತಿ. ಡಾಕ್ಟರಗ ತೋರಸ್ರಿ." ಕಾಶವ್ವ ನಕ್ಕಳು. ಸಿಟ್ಟು ಬಂತು ಎಂದು ತಾನೇ ಬಾಯಿಬಿಟ್ಟು ಹೇಳುವ ಮಡಿಲವ್ವನನ್ನು ಅವಳು ನೋಡಿರಲಿಲ್ಲವಂತೆ. ಮೂರೂ ಬಾಗಿಲು ಬೇಡವೆಂದವು. ಮರುದಿನ ಡಾಕ್ಟರಿಗೆ ತೋರಿಸಿದರೆ ಕಿವಿಯೊಳಗೆ ಕೀವು ತುಂಬಿತ್ತು. ಬೆಚ್ಚಗಿನ ಬಟ್ಟೆ ಒತ್ತಿ ನಾನು ಹದಿನೈದು ದಿನ ಅದನ್ನು ಮುಚ್ಚಿಟ್ಟಿದ್ದೆ. ಇನ್ನೂ ಒಂದು ವಾರ ತಡಮಾಡಿದ್ದರೆ ಆ ಕಿವಿ ಹೋಗುತ್ತಿತ್ತು ಎಂದರು. ಇದನ್ನು ಕಾಶವ್ವನಿಗೆ ಹೇಳಿದೆ. "ಅದ ಬ್ಯಾರೆ, ಇದ ಬ್ಯಾರೆ. ಕೇಳಿದಳೋ ಇಲ್ಲೋ?" ಎಂದಳು.

ಲಲಿತವ್ವನಿಗೆ ಎಲೆ ಅಡಿಕೆ ಕೊಟ್ಟಾಗಿದೆ. ನಾಳೆ ಬೆಳಗ್ಗೆ ಬರುತ್ತಾಳೆ. ಬಂದು ಒಂಬತ್ತು ದಿನ ಇರುತ್ತಾಳೆ, ಕೈ ತೊಳೆದುಕೊಳ್ಳುತ್ತಾಳೆ, ಹಾಡುತ್ತಾಳೆ, ಕೂಸು ಸುಖವಾಗಿರಬಹುದು. ನಾನು ಇಳಿದು ಬಂದಾಗ ಚೆನ್ನಾಗಿ ಆಡಿತು ಎನ್ನುತ್ತಾಳೆ. ಅದು ನಿಜವೋ ಸುಳ್ಳೋ ನನಗೆ ತಿಳಿಯುವುದಿಲ್ಲ. ಹತ್ತು ತಿಂಗಳ ಕೂಸಿಗೆ ಹೇಳಲು ಬಾಯಿಲ್ಲ. ಈ ಒಂದು ವಿಷಯ ಹಲ್ಲಿನ ಸಂದಿಯ ನಾರಿನಂತೆ ನಾಲ್ಕು ದಿನದಿಂದ ನನ್ನನ್ನು ಕಾಡುತ್ತಿದೆ. ಫಕೀರವ್ವನನ್ನು ಕರೆದರೆ ಮೂರು ಬಾಗಿಲಿನವರು ನಮಗೆ ಬಾಗಿಲು ಹಾಕುತ್ತಾರೆ. ಕರೆಯದಿದ್ದರೆ ನಾನು ಕಂಬದ ಮೇಲೆ ನೇತಾಡುತ್ತ ಕೆಳಗೆ ನೋಡುತ್ತಿರುತ್ತೇನೆ. ಅಲ್ಲಿ ಕೆಳಗೆ ನೋಡಬಾರದು.

ಬಿಸಿಗಂಟೆ ಹೊಡೆಯಿತು. ಹನ್ನೊಂದಕ್ಕೆ ಹೊಡೆದರೆ ಐದರವರೆಗೆ ಯಾರೂ ಬಯಲಿಗೆ ಕಾಲಿಡಬಾರದು, ಅಂಥ ಬಿಸಿಲು. ಓಣಿಯೆಲ್ಲ ನೆಲದೊಳಗಿನ ಕೋಣೆಗಳಿಗೆ ಇಳಿದು ಮಲಗುತ್ತದೆ. ಅಂದರೆ ಯಾರ ಕಣ್ಣಿಗೂ ಬೀಳದೆ ಹೋಗಿ ಬರಲು ಇದೇ ಹೊತ್ತು. ಒದ್ದೆ ಕಂಬಳಿ ಹೊದ್ದು ಹೋಗುತ್ತೇನೆ. ಕೂಸು ಮೈಲಾರಿಯ ಹತ್ತಿರ ಇರಲಿ. ಮುಂದಿನದನ್ನು ಬಂದು ಬರೆಯುತ್ತೇನೆ.

ಬಂದೆ. ಮುಖ ಉರಿಯುತ್ತಿದೆ, ಅಕ್ಷರ ಸೊಟ್ಟಗಾದರೆ ತಿದ್ದಿ ಓದಿಕೊಳ್ಳಿ.

ಮೊದಲು ಲಲಿತವ್ವನ ಮನೆಗೇ ಹೋದೆ. ಬೆನ್ನ ಹಿಂದೆ ಮಾಡುವುದು ಬೇಡವೆನಿಸಿತು. ನಾಳೆ ಬರಬೇಡವೆಂದು ಹೇಳಿ, ಸುಟ್ಟ ಬೆರಳಿನ ಮಾತು ಯಾಕೆ ಒಪ್ಪಿಸಲಿಲ್ಲ ಎಂದು ಕೇಳಿದೆ. ಜಗಳ ಆಡುತ್ತಾಳೆಂದುಕೊಂಡಿದ್ದೆ. ಅವಳು ನೀರು ಕೊಟ್ಟು, ನಾನು ಕುಡಿದ ಮೇಲೆ ಹೇಳಿದಳು: "ಮೊದಲನೇ ಮನಿಯಾಗ ನಾನೂ ಖರೇನ ಹೇಳಿದ್ದೆ ಇಂದ್ರವ್ವ. ಕೂಸು ಹೊಸ್ತಿಲದಾಗ ಬಿತ್ತು, ತುಟಿ ಒಡೀತು ಅಂತ. ಆ ವರ್ಷ ನನ್ನ ಯಾರೂ ಕರೀಲಿಲ್ಲ. ಮರುವರ್ಷದಿಂದ ಯಾವ ಕೂಸೂ ಬಿದ್ದಿಲ್ಲ." ಅವಳ ಮೇಲೆ ಹೊತ್ತು ತಂದಿದ್ದ ಸಿಟ್ಟೆಲ್ಲ ಅಲ್ಲಿಯೇ ಇಳಿಯಿತು. ಅವಳಿಗೆ ಮುಚ್ಚಿ ಹೇಳುವುದನ್ನು ಕಲಿಸಿದವರು ಹದಿನಾಲ್ಕು ಮನೆಯವರು, ಹದಿನೈದನೆಯವಳು ನಾನು. ಎಲೆ ಅಡಿಕೆ ತಿರುಗಿ ಕೊಡಲು ಬಂದಳು, ನಾನು ತೆಗೆದುಕೊಳ್ಳಲಿಲ್ಲ.

ಅಲ್ಲಿಂದ ಫಕೀರವ್ವನ ಮನೆ. ಅವಳು ಬಾಗಿಲು ತೆರೆದು ನನ್ನ ಕಂಬಳಿ ತೆಗೆದು ನೀರಿನಲ್ಲಿ ಅದ್ದಿ ಗೂಟಕ್ಕೆ ಹಾಕಿದಳು. ಬಂದ ಕಾರಣ ಹೇಳಿದೆ. ಸಂತೋಷಪಡಲಿಲ್ಲ. "ಅವತ್ತ ನಾ ಕೇಳಿದಾಗ ನಿನಗ ಗೊತ್ತಿತ್ತು" ಎಂದಳು. ಹೌದೆಂದೆ. "ಮತ್ತ ಹೇಳಬೇಕಿತ್ತಲ್ಲ. ಕೂಸು ನಿಂದು." ಕಟ್ಟಳೆ, ನೂಲು, ಅತ್ತೆ, ಕಾಶವ್ವ ಎಂದು ಏನೇನೋ ತೊದಲಿದೆ. ಅವಳು ಎಲ್ಲ ಕೇಳಿ, "ನಾ ಬರಬೇಕಂದ್ರ ನಾ ಕೇಳಿದ್ದಕ್ಕ ನೀ ಹೇಳಬೇಕು. ಈಗ, ಇಲ್ಲೇ" ಎಂದಳು. ನಾನು ಅವಳನ್ನು ಆರಿಸಲು ಹೋಗಿದ್ದೆ ಅಜ್ಜಿ, ಅವಳು ನನ್ನನ್ನು ಆರಿಸಲು ಕೂತಳು.

ಕೇಳಿದಳು. ಸುವ್ವಿ ಯಾವ ಮಗ್ಗುಲಿಗೆ ಮಲಗುತ್ತಾಳೆ, ಯಾರ ದನಿಗೆ ಅಂಜುತ್ತಾಳೆ, ಏನು ತಿಂದರೆ ಮೈಮೇಲೆ ಕೆಂಪು ಏಳುತ್ತದೆ. ಅತ್ತೆ ಕೂಸನ್ನು ಎತ್ತಿಕೊಳ್ಳುತ್ತೇನೆಂದರೆ ಕೊಡಬೇಕೋ ಬೇಡವೋ. ಜ್ವರ ಬಂದರೆ ಮೊದಲು ಯಾರ ಮನೆಗೆ ಓಡಬೇಕು, ಕಾಶವ್ವ ಬಾಗಿಲು ತೆರೆಯದಿದ್ದರೆ ಆಮೇಲೆ ಯಾರು. ನಾನು ಎಂದಾದರೂ ಕೂಸಿಗೆ ಹೊಡೆದಿದ್ದೇನೆಯೇ. ಹೊಡೆದಿದ್ದೆ, ಒಂದು ಸಲ, ಹೇಳಿದೆ. ಕೆಲವಕ್ಕೆ ಉತ್ತರ ನನಗೇ ಗೊತ್ತಿರಲಿಲ್ಲ, ಗೊತ್ತಿಲ್ಲ ಎಂದೆ. ಹಾಗೆ ಹೇಳಿದಾಗಲೆಲ್ಲ ಅವಳು ತಲೆಯಾಡಿಸಿ ಮುಂದಕ್ಕೆ ಹೋಗುತ್ತಿದ್ದಳು. ನನ್ನ ಕೂಸಿನ ಬಗ್ಗೆ ಅಷ್ಟು ಹೊತ್ತು ನಾನು ಯಾರ ಹತ್ತಿರವೂ ಮಾತಾಡಿರಲಿಲ್ಲ.

ಕೊನೆಗೆ ಇದನ್ನು ಕೇಳಿದಳು: "ನೀವಿಬ್ಬರೂ ಗುಡ್ಡದಿಂದ ಹೊಳ್ಳಿ ಬರಲಿಲ್ಲಂದ್ರ ಸುವ್ವಿಗೆ ಏನಂತ ಹೇಳ್ಲಿ?" ನನಗೆ ಮೈ ಉರಿಯಿತು. ಹೊರಡುವ ಹಿಂದಿನ ದಿನ ಆಡುವ ಮಾತೇ ಇದು ಎಂದು ಎದ್ದು ನಿಂತೆ. ಅವಳು ಏಳಲಿಲ್ಲ. ನಿಂತಲ್ಲೇ ನನಗೆ ಬಾಳಪ್ಪ ನೆನಪಾದ, ಹೋದ ವರ್ಷ ಹಿಂದಿರುಗದ ಜೋಡಿಯ ಮಗ, ನಾಲ್ಕು ವರ್ಷದವನು. ಅವನು ದಿನಾ ಸಂಜೆ ಓಣಿಯ ಬಾಯಲ್ಲಿ ಬಂದು ಕೂರುತ್ತಾನೆ, ನಾವು ಹೋಗುವವರು ಬರುವವರೆಲ್ಲ "ನಾಳೆ ಬರ್ತಾರ ತಮ್ಮಾ" ಎಂದು ಗಲ್ಲ ಹಿಂಡಿ ಹೋಗುತ್ತೇವೆ. ಒಂಬತ್ತು ತಿಂಗಳಾಯಿತು. ನಾನೂ ಹೇಳಿದ್ದೇನೆ, ಮೊನ್ನೆ ಕೂಡ. ಅದು ಸುಳ್ಳೆಂದು ನಮಗೆ ಅನಿಸುವುದೇ ಇಲ್ಲ. ನಾನು ಮತ್ತೆ ಕೂತೆ. ಖರೇ ಹೇಳು ಎಂದೆ. ಸತ್ತರು ಅಂತ ಹೇಳು, ನಾಳೆ ಬರ್ತಾರ ಅಂತ ಮಾತ್ರ ಹೇಳಬೇಡ ಎಂದೆ. ಅತ್ತುಬಿಟ್ಟೆ. ಫಕೀರವ್ವ ನನ್ನ ಕಂಬಳಿಯನ್ನು ಗೂಟದಿಂದ ತೆಗೆದು ಹೆಗಲಿಗೆ ಹೊದಿಸಿ, "ಹಂಗಾರ ಬರ್ತೇನಿ" ಎಂದಳು.

ಮನೆಯಲ್ಲಿ ವಿಷಯ ಹೇಳಿದಾಗ ಅತ್ತೆ, "ನಿನ್ನ ಕೂಸು, ನಿನ್ನ ಖುಷಿ" ಎಂದು ಗೋಡೆಗೆ ತಿರುಗಿ ಮಲಗಿದರು. ಅರ್ಧ ತಾಸಿನ ಮೇಲೆ ಅಲ್ಲಿಂದಲೇ, "ಆಕೀಗೆ ಪಲ್ಯೆದಾಗ ಖಾರ ಕಡಿಮಿ ಹಾಕಾಕ ಹೇಳು" ಎಂದರು. ಕಾಶವ್ವನಿಗೆ ಇನ್ನೂ ಹೇಳಿಲ್ಲ. ಐದರ ಗಂಟೆ ಹೊಡೆದ ಮೇಲೆ ಹೋಗಿ ಹೇಳಬೇಕು. ಅವಳು ಬಾಗಿಲು ಹಾಕಿದರೆ ಹಾಕಲಿ. ಮೈಲಾರಿ ಹಗ್ಗ ಸುತ್ತಿಟ್ಟು ನನ್ನ ಪಕ್ಕದಲ್ಲಿ ಕೂತಿದ್ದಾನೆ. ಮೊಣಕಾಲು ಒತ್ತಿದ್ದು ತಪ್ಪಾಯಿತು ಎಂದೆ. "ನಾನೂ ನಿನ್ನ ಕೈ ತಗದು ಏಳಬಹುದಿತ್ತು" ಎಂದ.

ಅಜ್ಜಿ, ನೀವು ಏನೇನು ನೋಡಬೇಕೆಂದು ಕೇಳಿದ್ದಿರಿ. ಕೈ ನೋಡಿ, ಉಗುರು ನೋಡಿ, ಹಿಂದಿನ ಮನೆಯವರನ್ನು ವಿಚಾರಿಸಿ, ಆದರೆ ಅವರ ಹೊಗಳಿಕೆಗಿಂತ ಅವಳನ್ನು ನೆನೆದಾಗ ಅವರ ಮಕ್ಕಳ ಮುಖ ಹೇಗಾಗುತ್ತದೆ ಎಂದು ನೋಡಿ. ತನಗೂ ಸಿಟ್ಟು ಬರುತ್ತದೆ ಎಂದು ಒಪ್ಪಿಕೊಳ್ಳುತ್ತಾಳೆಯೇ ನೋಡಿ, ಸಿಟ್ಟೇ ಬರುವುದಿಲ್ಲ ಎನ್ನುವವಳಿಂದ ದೂರವಿರಿ. ಇವೆಲ್ಲ ಸಲಹೆ. ಕೋರಿಕೆ ಒಂದೇ ಒಂದು. ಸೋಮವಾರ ನಿಮ್ಮ ಬಾಗಿಲಿಗೆ ಬಂದವಳು ಕೂಸನ್ನು ಹೆಗಲಿಗೆ ಹಾಕಿಕೊಂಡು ಏನನ್ನಾದರೂ ಕೇಳಿದರೆ, ಬಸ್ಸು ತಪ್ಪಿದರೂ ಸರಿಯೇ, ಕೂತು ಉತ್ತರ ಹೇಳಿ. ಅವಳು ಸಂಜೆ ಕೆಟ್ಟ ಸುದ್ದಿ ಹೇಳಿದರೆ ಮರುದಿನವೂ ಅವಳನ್ನೇ ಕರೆಯಿರಿ.

ಸುವ್ವಿ ಎದ್ದಿದ್ದಾಳೆ. ತೊಡೆಯ ಮೇಲೆ ಕೂರಿಸಿಕೊಂಡೇ ಇದನ್ನು ಬರೆಯುತ್ತಿದ್ದೇನೆ, ಕಾಗದದ ಮೂಲೆ ಒದ್ದೆಯಾಗಿದ್ದರೆ ಅದು ಅವಳ ಜೊಲ್ಲು. ನಾಳೆಯಿಂದ ಒಂಬತ್ತು ದಿನ ನಾನು ಇರುವುದಿಲ್ಲ, ಬೆರಳಿಲ್ಲದ ಅವ್ವ ಬರುತ್ತಾಳೆ, ಅವಳ ಹಾಡು ಸಹಿಸಿಕೋ ಎಂ​ದೆಲ್ಲ ಅವಳಿಗೆ ಈಗಷ್ಟೇ ಹೇಳಿದೆ. ಏನು ತಿಳಿಯಿತೋ, ನನ್ನ ಮುಖವನ್ನೇ ನೋಡಿದಳು. ಮುಂದಿನ ಮಾತು ರೂಢಿಯಂತೆ ನಾಲಿಗೆಯ ತುದಿಗೆ ಬಂದಿತ್ತು, ನುಂಗಿಕೊಂಡೆ. ಹತ್ತನೇ ದಿನ ಬರ್ತೇನಿ ಎನ್ನಲಿಲ್ಲ. "ಬರಬೇಕಂತ ಮಾಡೇನಿ" ಎಂದೆ.

ನಿಮ್ಮ
ಇಂದ್ರವ್ವ